ದೆವ್ವದ ಧಾರಾವಾಹಿಯೂ ಆತ್ಯಾಳ ಎಸ್ಸೆಸ್ಸೆಲ್ಸಿಯೂ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವನು ನಮ್ಮಪ್ಪ. ಆಮೇಲೆ ಅವ್ವ. ಆಮೇಲೆ ನಮ್ಮ ಓಣಿಯಲ್ಲಿ ಬೀಡಿ ಕಟ್ಟುವ ಹೆಂಗಸರೆಲ್ಲ ಒಟ್ಟಾಗಿ. ಕೊನೆಗೆ, ನಡುನಡುವೆ ಇಂಗ್ಲಿಷ್ ಬೆರೆಸಿ, ಮುಖ ಗಂಭೀರ ಮಾಡಿಕೊಂಡು ಹೇಳಿದವಳು ನಮ್ಮ ಮನೆತನದ ಮೊದಲ ಪದವೀಧರೆ, ಬಿ.ಕಾಂ. ಪ್ರಥಮ ದರ್ಜೆ. ಅಂದರೆ ಸಾಕ್ಷಾತ್ ನಾನು! ಏಳನೆಯ ತರಗತಿಯನ್ನೇ ಅರ್ಧಕ್ಕೆ ಬಿಟ್ಟು, ಈಗ ಐವತ್ತು ದಾಟಿದ ನಮ್ಮ ಆತ್ಯಾ ಎಸ್ಸೆಸ್ಸೆಲ್ಸಿ ಪಾಸಾಗುವುದೆಂದರೇನು?

ಆತ್ಯಾ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಬೋರಗಾಂವದ ನಮ್ಮ ಮನೆಗೇ ಬಂದು ನೆಲೆಸಿದವಳು. ಬೇರೆಯವರೆಲ್ಲ ದೇವರ ದಯೆಯಿಂದ ಪರೀಕ್ಷೆ ಪಾಸಾಗುತ್ತಾರೆ. ನಮ್ಮ ಆತ್ಯಾ ಪರೀಕ್ಷೆಗೆ ಕೂತದ್ದೇ ದೆವ್ವದ ದಯೆಯಿಂದ. ಸುಳ್ಳಲ್ಲ!

ಆ ದೆವ್ವ ನನ್ನ ಮೊಬೈಲಿನಲ್ಲಿತ್ತು. ಹಿಂದಿಯ ಒಂದು ಧಾರಾವಾಹಿ. ಎಂಬತ್ತರ ದಶಕದ ಒಂದು ಊರು, ಆ ಊರಿಗೊಂದು ಶಾಲೆ. ಒಂದು ದಿನ ಅಲ್ಲಿ ಓದುವ ಹುಡುಗಿಯೊಬ್ಬಳು ಕಾಣೆಯಾಗುತ್ತಾಳೆ. ಮರುದಿನ ಮಾಸ್ತರು ಹಾಜರಿ ಕರೆಯುವಾಗ, ಖಾಲಿ ಬೆಂಚಿನಿಂದ ಅವಳ ದನಿ "ಹಾಜರ್" ಎನ್ನುತ್ತದೆ. ಕಾಲೇಜಿನ ಗೆಳತಿಯರು ಇದನ್ನು ನೋಡಿ ಮುಸುಕು ಹಾಕಿಕೊಂಡು ಮಲಗುತ್ತಿದ್ದರು. ಆತ್ಯಾ ನೋಡುತ್ತಿದ್ದದ್ದು ಮಾತ್ರ ಹಾಡಹಗಲು, ಪಡಸಾಲೆಯಲ್ಲಿ. ಮಡಿಲಲ್ಲಿ ಬೀಡಿಯ ಮೊರ, ಎದುರಿಗೆ ಹಿಟ್ಟಿನ ಡಬ್ಬಿಗೆ ಆನಿಸಿಟ್ಟ ಮೊಬೈಲು. ಕೈಗೆಲ್ಲ ತಂಬಾಕು ಮೆತ್ತಿರುತ್ತಿದ್ದುದರಿಂದ ಮೊಬೈಲು ಮುಟ್ಟುವ ಕೆಲಸ ನನ್ನದು.

"ಏ ಪೋರಿ, ನಿಲ್ಲಸ ಅದನ್ನ. ಎಲಿ ಕತ್ತರಸೂದೈತಿ."

"ಆತ್ಯಾ, ದೆವ್ವ ಈಗ ಬರಾಕತ್ತೈತಿ!"

"ಬರ್ಲಿ, ನಿಂದರ್ಲಿ. ಅದಕ್ಕೇನ ಬಸ್ ತಪ್ಪತೈತೇನ?"

ಹೀಗೆ ದೆವ್ವ ಬಾಯಿ ತೆರೆದುಕೊಂಡು, ಕೈ ಚಾಚಿಕೊಂಡು, ಆತ್ಯಾ ಎಲೆ ಕತ್ತರಿಸಿ ಚಹಾ ಕುಡಿಯುವವರೆಗೆ ಗಾಳಿಯಲ್ಲೇ ಕಾಯುತ್ತಿತ್ತು. ಇಂಥ ಅವಮಾನ ಯಾವ ದೆವ್ವಕ್ಕಾದರೂ ಆಗಿದ್ದುಂಟೇ?

ಈ ಧಾರಾವಾಹಿಗೆಂದೇ ನಿಪ್ಪಾಣಿಯ ನಮ್ಮ ಕಾಲೇಜಿನ ಹುಡುಗರು ಶುರುಮಾಡಿದ ಒಂದು ವಾಟ್ಸಾಪ್ ಗುಂಪಿತ್ತು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯ ಅಭಿಮಾನಿಗಳೆಲ್ಲ ಅಲ್ಲಿ ಸೇರಿ ಹುಡುಗಿ ಎಲ್ಲಿ ಹೋದಳು ಎಂದು ಹೊಡೆದಾಡುತ್ತಿದ್ದರು. ಗುಂಪಿನಲ್ಲಿ ಎರಡು ಪಕ್ಷ. ಬಾವಿ ಪಕ್ಷದ ಪ್ರಕಾರ ಅವಳನ್ನು ಶಾಲೆಯ ಹಿಂದಿನ ಬಾವಿಯಲ್ಲಿರುವುದೇನೋ ಎಳೆದುಕೊಂಡಿದೆ. ಈ ಪಕ್ಷದ ಮುಖಂಡರು ಅಥಣಿಯ ಒಬ್ಬ ನಿವೃತ್ತ ಗಣಿತ ಮಾಸ್ತರು. ರೇಡಿಯೋ ಪಕ್ಷದ ಪ್ರಕಾರ ಅವಳು ಮನೆಯ ರೇಡಿಯೋದೊಳಗೆ ಸಿಕ್ಕಿಬಿದ್ದಿದ್ದಾಳೆ; ಇದರ ಮುಖಂಡ ಶಿರಗುಪ್ಪಿಯ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗಿಸುವ ಕ್ಲಾರ್ಕು, ಇಂಗ್ಲಿಷ್ ಎಂ.ಎ. ಮಾಡಿಕೊಂಡವನು. ನಾನು ಅವರ ಮಾತುಗಳನ್ನು ಆತ್ಯಾಳಿಗೆ ಕೇಳಿಸುತ್ತಿದ್ದೆ. ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ. "ಒತ್ತ ಅದನ್ನ. ನಾನೂ ಮಾತಾಡ್ತೀನಿ" ಎಂದಳು. ದನಿ ಕಳಿಸುವ ಗುಂಡಿ ಒತ್ತಿದೆ.

"ನಮಸ್ಕಾರ್ರಿ ಎಲ್ಲಾರಿಗೂ. ನಾ ಬೋರಗಾಂವದಾಕಿ. ಸೆಲ್ ತೀರಿದ ರೇಡಿಯೋ ತಾನ ಮಾತಾಡಿತು, ಅದರಾಗ ದೆವ್ವ ಐತಿ ಅಂತ ಒಬ್ಬಾಂವ ಅಂದಾನ. ತಮ್ಮಾ, ನೀ ಆಗ ಹುಟ್ಟಿದ್ದಿಲ್ಲ. ನಾವು ತೀರಿದ ಸೆಲ್ಲ ಬಿಸಲಾಗ ಇಡತಿದ್ವಿ. ಒಂದೀಟ ಜೀವಾ ಬರತಿತ್ತು, ಎರಡ ಹಾಡ ಹಾಡತಿತ್ತು. ಅದ ದೆವ್ವ ಅಲ್ಲೋ ಯಪ್ಪಾ, ಬಿಸಲ!"

ಹಿನ್ನೆಲೆಯಲ್ಲಿ ಎಲೆ ಕತ್ತರಿಸುವ ಕತ್ತರಿಯ ಕಚ್ ಕಚ್ ಸದ್ದು. ಗುಂಪಿನಲ್ಲಿ ಕೆಲವರು ಧಾರಾವಾಹಿಗಿಂತ ಆ ಕತ್ತರಿಗೇ ಹೆಚ್ಚು ಹೆದರಿದರಂತೆ.

ರೇಡಿಯೋ ಪಕ್ಷ ಕುಸಿದದ್ದು ನೋಡಿ ಬಾವಿ ಪಕ್ಷಕ್ಕೆ ಹಿಗ್ಗೋ ಹಿಗ್ಗು. ಮಾಸ್ತರು ಕೇಳಿದರು: "ಬರೋಬರ್ ಹೇಳಿದ್ರಿ ಅಕ್ಕಾರ! ಮತ್ತ ಬಾವಿ ನೀರ ಅಳಗಾಡತೈತಲ್ರಿ, ಅದು?"

"ಯಾರೋ ಕೊಡಾ ಬಿಟ್ಟಾರ, ಅಳಗಾಡತೈತಿ."

ಬಾವಿ ಪಕ್ಷವೂ ಕುಸಿಯಿತು. ಹಾಗಾದರೆ ಹುಡುಗಿ ಎಲ್ಲಿ ಹೋದಳು? ಎರಡೂ ಪಕ್ಷಗಳು ಮೊದಲ ಸಲ ಒಂದಾಗಿ ಆತ್ಯಾಳ ಮೇಲೆ ಏರಿ ಬಂದವು. ಅವಳು ಕತ್ತರಿ ಕೆಳಗಿಟ್ಟಳು.

"ಆ ಹುಡಿಗಿ ಮನಿ ತೋರಸಿದಾಗ ಮೂಲ್ಯಾಗ ಏನಿತ್ತು ನೋಡೀರೇನು? ತೊಟ್ಟಲಾ. ಮೊದಲನೇ ಭಾಗದಾಗ ಇದ್ದಿಲ್ಲ, ಎರಡನೇದರಾಗ ಬಂತು. ಮನ್ಯಾಗ ಕೂಸ ಹುಟ್ಟೇತಿ. ತಾಯಿ ದುಡ್ಯಾಕ ಹೋಗ್ತಾಳ. ಕೂಸಿನ್ನ ಯಾರ ನೋಡಬೇಕು? ಹುಡಿಗಿನ್ನ ಸಾಲಿ ಬಿಡಿಸ್ಯಾರ. ಇಷ್ಟ ಕಥಿ. ಇದಕ್ಕ ದೆವ್ವ ಯಾಕ ಬೇಕು?"

ಕ್ಲಾರ್ಕ್ ಬಿಡಲಿಲ್ಲ. "ಆತ್ಯಾರ, ಹಂಗಾದ್ರ ಖಾಲಿ ಬೆಂಚಿನಾಗ ಹಾಜರಿ ಹೇಳೂದು ಯಾರ್ರಿ?"

"ಆಕಿನ. ಮನ್ಯಾಗ ಕುಂತ ಹೇಳ್ತಾಳ. ಹತ್ತೂವರಿ ಆತಂದ್ರ ಸಾಲ್ಯಾಗ ಹೆಸರ ಕರ್ಯಾಕತ್ತಿರತಾರ ಅಂತ ಗೊತ್ತಿರತೈತಿ. ಕೂಸಿನ್ನ ತೂಗಕೋತ ಕುಂತಿದ್ರೂ ಬಾಯಿ ತಾನ 'ಹಾಜರ್ರಿ' ಅಂದ ಬಿಡತೈತಿ."

ಎಪ್ಪತ್ತು ಚಿಲ್ಲರೆ ಜನರ ಗುಂಪು ಆ ದನಿಯನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳಿತಂತೆ. ನಾನೂ ಕೇಳಿದೆ. ಆದರೆ ಡಿಗ್ರಿ ಪಡೆದವಳ ಬುದ್ಧಿ ನೋಡಿ: ಆತ್ಯಾ ಎಷ್ಟು ಚೆನ್ನಾಗಿ ಕಥೆ ಕಟ್ಟುತ್ತಾಳಲ್ಲ ಎಂದಷ್ಟೇ ನನಗೆ ಹೊಳೆದದ್ದು!

ಮೊದಲು ಉತ್ತರ ಕೊಟ್ಟವರು ಮಾಸ್ತರು. ಸೋತ ಸಿಟ್ಟಿರಬೇಕು. "ಅಕ್ಕಾರ, ಕಲ್ಪನಾ ಚಂದ ಐತಿ. ಆದ್ರ ಕಥಿ ಒಳಗಿನ ಸೂಕ್ಷ್ಮ ತಿಳೀಬೇಕಂದ್ರ ನಾಕ ಅಕ್ಷರ ಕಲತಿರಬೇಕಾಗತೈತಿ. ನೀವ್ ಎಷ್ಟ ಕಲತೀರಿ?"

ಆತ್ಯಾ ಉತ್ತರ ಹೇಳಿ ನನ್ನ ಕೈಯಿಂದ ಅಳಿಸಿಸಿದಳು. ಮತ್ತೆ ಹೇಳಿ ಮತ್ತೆ ಅಳಿಸಿಸಿದಳು. ಮೂರು ದಿನ ಮೊಬೈಲಿನ ಕಡೆ ತಲೆ ಎತ್ತಿಯೂ ನೋಡಲಿಲ್ಲ. ನಾಲ್ಕನೆಯ ದಿನ, ದಾರ ಸುತ್ತುತ್ತಾ ಕೇಳಿದಳು: "ಹತ್ತನೇತ್ತೆ ಪರೀಕ್ಷಾಕ್ಕ ಹೊರಗಿನಿಂದ ಕೂಡತಾರಂತಲ್ಲ, ಏನೇನ ಕಾಗದಾ ಬೇಕ?"

ಅಪ್ಪ ಅಲ್ಲೇ ಊಟಕ್ಕೆ ಕೂತಿದ್ದ. ಅವನು ಪವರ್‌ಲೂಮಿನಲ್ಲಿ ಕೆಲಸ ಮಾಡುವವನು. ಇಡೀ ದಿನ ಮಗ್ಗಗಳ ಸದ್ದಿನ ಮೇಲೆ ಮಾತಾಡಿ, ಮನೆಯಲ್ಲಿ ಉಪ್ಪು ಕೇಳಿದರೂ ಜಗಳ ತೆಗೆದಂತೆ ಕೇಳಿಸುತ್ತದೆ.

"ಅಕ್ಕಾ, ತಲಿ ಕೆಟ್ಟೈತೇನ? ಮೊಮ್ಮಕ್ಕಳ ವಯಸ್ಸಿನವರ ಸಂಗಾಟ ಕುಂತ ಪರೀಕ್ಷಾ ಬರೀತಿ? ಆಗೂದಲ್ಲ ಇದು!"

ಮೂರು ಓಣಿಗೆ ಕೇಳಿಸಿತು. ಮೂರು ಓಣಿಯವರೂ ಬಂದು ತಮ್ಮ ಅಭಿಪ್ರಾಯ ತಿಳಿಸಿ ಹೋದರು. ನಾನೂ ನನ್ನ ಪಾಲಿನದನ್ನು ಹೇಳಿದೆ: "ಆತ್ಯಾ, ಸ್ವಲ್ಪ ಪ್ರಾಕ್ಟಿಕಲ್ ಆಗಿ ವಿಚಾರ ಮಾಡ."

"ನೀ ಕಾಲೇಜಿಗೆ ಹೊಂಟಾಗ ಇವ್ರೆಲ್ಲಾ ಇದನ್ನ ಅಂದಿದ್ರು. ಆಗ ನೀ ಪ್ರಾಕ್ಟಿಕಲ್ ಆಗಿದ್ದೇನ?"

ಅದೂ ನಿಜವೇ. ಮೂರು ವರ್ಷ ನಿಪ್ಪಾಣಿಯ ಬಸ್ಸಿನಲ್ಲಿ ನಿಂತೇ ಹೋಗಿ, ನಿಂತೇ ಬಂದವಳು ನಾನು. ಪರೀಕ್ಷೆಯ ದಿನಗಳಲ್ಲಿ ನಾನು ಕಟ್ಟಬೇಕಾದ ಬೀಡಿಯನ್ನೂ ತನ್ನ ಮೊರಕ್ಕೆ ಎಳೆದುಕೊಂಡು ಕಟ್ಟಿದವಳು ಇವಳು. ನನ್ನ ಡಿಗ್ರಿ ಈಗ ಗಾಜಿನ ಚೌಕಟ್ಟಿನಲ್ಲಿ ಗೋಡೆಯ ಮೇಲಿದೆ. ಮನೆಗೆ ಬಂದವರು ನೋಡದಿದ್ದರೆ ನಾನೇ ತೋರಿಸುತ್ತೇನೆ, ನಾಚಿಕೆ ಏನು?

ಪರೀಕ್ಷೆಗೆ ಅರ್ಜಿ ಹಾಕಲು ಹಳೆಯ ಶಾಲೆಯ ದಾಖಲೆ ಬೇಕಿತ್ತು. ಆತ್ಯಾ, ನಾನು ಶಾಲೆಗೆ ಹೊರಟೆವು. ಅಪ್ಪನೂ ಬಂದ. ದಾಖಲೆ ಸಿಗುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡು ಸಂತೋಷಪಡುವ ಆಸೆ ಅವನಿಗೆ. ಹೆಡ್‌ಮಾಸ್ತರು ಬಟ್ಟೆಯಲ್ಲಿ ಕಟ್ಟಿಟ್ಟ ಹಳೆಯ ರಜಿಸ್ಟರುಗಳನ್ನು ಬಿಚ್ಚಿ, ಧೂಳಿಗೆ ಹನ್ನೆರಡು ಸಲ ಸೀನಿ, ಕೊನೆಗೂ ಆತ್ಯಾಳ ಹೆಸರು ಹುಡುಕಿದರು. ನಾನು ಬಗ್ಗಿ ಜೋರಾಗಿ ಓದಿದೆ. ಹೆಸರು, ತಂದೆಯ ಹೆಸರು, ತರಗತಿ ಏಳು. ಶಾಲೆ ಬಿಟ್ಟ ಕಾರಣ: ಸತತ ಗೈರುಹಾಜರಿ.

ಆತ್ಯಾ ನಕ್ಕಳು. "ನೋಡ, ಇದರಾಗೂ ತೊಟ್ಟಲಾ ಬರದಿಲ್ಲ."

"ಯಾವ ತೊಟ್ಟಲಾ ಬೇ ಅಕ್ಕಾ?" ಅಪ್ಪ ಕೇಳಿದ.

"ನಿಂದ, ತಮ್ಮಾ."

ಅಪ್ಪ ಹುಟ್ಟಿದಾಗ ಆತ್ಯಾಳಿಗೆ ಹನ್ನೆರಡು ವರ್ಷ. ನಮ್ಮ ಅಜ್ಜಿ ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಗೆ, ಅಂದರೆ ಗೋದಾಮಿಗೆ, ಕೆಲಸಕ್ಕೆ ಹೋಗುತ್ತಿದ್ದಳು. ಕೂಸನ್ನು ತೂಗಲು ಯಾರಾದರೂ ಮನೆಯಲ್ಲಿ ಉಳಿಯಬೇಕಿತ್ತು. ಇದನ್ನು ಅಪ್ಪನಿಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಇನ್ನೂ ಒಂದು ತಮಾಷೆ ಕೇಳಿ: ಇಷ್ಟೆಲ್ಲ ತೂಗಿಸಿಕೊಂಡು ಬೆಳೆದ ಅಪ್ಪ ಮಾಡಿದ್ದೇನು? ಯಾರೂ ಬಿಡಿಸದೆ, ಸ್ವಂತ ಖುಷಿಯಿಂದ, ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ! ಮುಂದಿನ ರವಿವಾರ ನೋಡುತ್ತೇನೆ, ಆತ್ಯಾ ಪುಸ್ತಕ ಹಿಡಿದಿದ್ದಾಳೆ, ಅಪ್ಪ ಪಡಸಾಲೆಯಲ್ಲಿ ಕೂತು ಬೀಡಿ ಎಲೆ ಕತ್ತರಿಸುತ್ತಿದ್ದಾನೆ. ಒಂದು ಎಲೆಯೂ ನೆಟ್ಟಗಿರಲಿಲ್ಲ. ಒಂದೊಂದೂ ಒಂದೊಂದು ಜಿಲ್ಲೆಯ ನಕ್ಷೆ! ಆತ್ಯಾ ಅವನ್ನೆಲ್ಲ ಮತ್ತೆ ಕತ್ತರಿಸಬೇಕಾಯಿತು. ಆದರೂ ಬೇಡ ಎನ್ನಲಿಲ್ಲ.

ಆತ್ಯಾ ಪರೀಕ್ಷೆಗೆ ಕೂಡುವ ಸುದ್ದಿ, ತೊಟ್ಟಿಲಿನ ಸುದ್ದಿ, ಎರಡನ್ನೂ ಗುಂಪಿಗೆ ನಾನೇ ಮುಟ್ಟಿಸಿದೆ. ಹತ್ತು ನಿಮಿಷದಲ್ಲಿ ಅಥಣಿಯ ಮಾಸ್ತರ ದನಿ ಬಂತು: "ಅಕ್ಕಾರ, ಅವತ್ತ ನಾ ಅಂದದ್ದು ತಪ್ಪಾತ್ರಿ. ಗಣಿತ ನಾ ಹೇಳಿಕೊಡ್ತೀನಿ." ಇಂಗ್ಲಿಷಿಗೆ ಶಿರಗುಪ್ಪಿಯ ಕ್ಲಾರ್ಕ್ ನಿಂತ. ಹೀಗೆ ಬಾವಿ ಪಕ್ಷವೂ ರೇಡಿಯೋ ಪಕ್ಷವೂ ಸೇರಿ ತೊಟ್ಟಿಲು ಪಕ್ಷಕ್ಕೆ ಪಾಠ ಹೇಳತೊಡಗಿದವು. ಹಳೆಯ ಚಟ ಬಿಡುತ್ತದೆಯೇ? ಮಾಸ್ತರ ಲೆಕ್ಕಗಳಲ್ಲೆಲ್ಲ ಬಾವಿ.

"ಅಕ್ಕಾರ, ಬಾವಿ ಅಗಲ ಇಷ್ಟು, ನೋಡೂ ಕೋನ ಇಷ್ಟು. ಆಳಾ ಎಷ್ಟು?"

"ಆಳಾ ತಗದ ಹೇಳ್ತೀನ್ರಿ ಮಾಸ್ತರ. ಆದ್ರ ಹುಡಿಗಿ ಅದರಾಗಿಲ್ಲ!"

ಕ್ಲಾರ್ಕ್ ಒಂದು ದಿನ ಹೆಡ್‌ಮಾಸ್ತರಿಗೆ ಇಂಗ್ಲಿಷಿನಲ್ಲಿ ರಜೆಯ ಅರ್ಜಿ ಬರೆಯಲು ಕೊಟ್ಟ. ಆತ್ಯಾ ಪೆನ್ನು ಕೆಳಗಿಟ್ಟಳು. "ಮತ್ತ ರಜಾನೋ? ನಲವತ್ತ ವರ್ಷದಿಂದ ರಜಾದ ಮ್ಯಾಲ ಅದೀನಿ. ವಾಪಸ್ ಬರೂ ಅರ್ಜಿ ಇದ್ರ ಕಲಸ!" ಅಂಥ ಅರ್ಜಿ ಪಠ್ಯದಲ್ಲಿಲ್ಲ ಎಂದು ಅವನು ನಾಲ್ಕು ಪುಸ್ತಕ ತೆಗೆದು ಸಾಬೀತು ಮಾಡಬೇಕಾಯಿತು.

ಪರೀಕ್ಷಾ ಕೇಂದ್ರ ಚಿಕ್ಕೋಡಿಯಲ್ಲಿ. ಮೊದಲ ದಿನ ಆತ್ಯಾ ಬೆಂಚಿನಲ್ಲಿ ಕೂತೊಡನೆ ಮೇಲ್ವಿಚಾರಕಿ ಬಂದು, "ಪಾಲಕರು ಹೊರಗ ನಡೀರಿ. ಮಕ್ಕಳ ತಾವ ಬರೀತಾವ" ಎಂದರಂತೆ. ಆತ್ಯಾ ಹಾಲ್ ಟಿಕೆಟ್ ತೋರಿಸಿ, "ಈ ಹುಡುಗೂರು ಹುಟ್ಟೂಕಿಂತ ಮೊದಲ ನನ್ನ ಹೆಸರ ಸಾಲ್ಯಾಗ ಐತ್ರಿ ಮೇಡಮ್" ಎಂದಳಂತೆ. ಸಂಜೆ ಬಸ್ಸಿನಿಂದ ಇಳಿಯುವಾಗ ಇದನ್ನು ಹೇಳಿ ಹೇಳಿ ನಕ್ಕಳು.

ಫಲಿತಾಂಶ ಬಂದಾಗ ನಗಲಿಲ್ಲ. ಎಲ್ಲದರಲ್ಲೂ ಪಾಸು, ಗಣಿತದಲ್ಲಿ ಮಾತ್ರ ನಪಾಸು. ಮಾಸ್ತರು ತಪ್ಪೆಲ್ಲ ತಮ್ಮದೇ ಎಂದು ಅಲವತ್ತುಕೊಂಡರು. "ಹೌದ್ರಿ, ನಿಮ್ಮದ," ಎಂದಳು ಆತ್ಯಾ ನೇರವಾಗಿ, "ನೀವು ಬರೇ ಕೆಳಗ ಇಳಿಸಿದ್ರಿ. ಅವ್ರು ಗೋಪುರದ ಎತ್ತರಾ ಕೇಳ್ಯಾರ!" ಆದರೆ ಆ ವಾರ ಅವಳು ಪುಸ್ತಕ ತೆಗೆಯಲಿಲ್ಲ. ಓಣಿಯ ಹೆಂಗಸರು ಬಂದು, ಇನ್ನು ಸಾಕು ಬಿಡವ್ವಾ ಎಂದು ಸಮಾಧಾನ ಹೇಳಿದರು. ಆಗ ಒಳಗಿನಿಂದ ಅಪ್ಪನ ಮಗ್ಗದ ದನಿ ಬಂತು: "ಯಾಕ ಸಾಕು? ಇನ್ನೊಂದ ಪರೀಕ್ಷಾ ಐತೇಳ್ರಿ! ನಡೀರಿ ನೀವು, ಓದೂದೈತಿ ಆಕಿಗೆ!" ಇದೂ ಮೂರು ಓಣಿಗೆ ಕೇಳಿಸಿತು.

ನಪಾಸಾದವರಿಗೆಂದು ನಡೆಸುವ ಎರಡನೆಯ ಪರೀಕ್ಷೆಯ ವಾರವೇ ಧಾರಾವಾಹಿಯ ಕೊನೆಯ ಭಾಗ ಬಂತು. ಮಾಡಿದವರು ಏನೂ ಹೇಳದೆ ಮುಗಿಸಿಬಿಟ್ಟಿದ್ದರು. ಅದೇ ಖಾಲಿ ಬೆಂಚು, ಅದೇ ದನಿ. ಗುಂಪಿನಲ್ಲಿ ಮತ್ತೆ ಯುದ್ಧ! ತೀರ್ಪು ಕೊಡಿ ಎಂದು ಎಲ್ಲರೂ ಆತ್ಯಾಳಿಗೆ ಗಂಟುಬಿದ್ದರು. ಅವಳು ಅದನ್ನು ನೋಡಿರಲೂ ಇಲ್ಲ. ಗೋಪುರದ ಲೆಕ್ಕದಿಂದ ತಲೆ ಎತ್ತದೆ ಹೇಳಿದಳು: "ಎಲ್ಲಿ ಹೋದ್ಲು, ಎಲ್ಲಿ ಹೋದ್ಲು ಅಂತ ಎಷ್ಟ ದಿನಾ ಕೇಳ್ತೀರಿ? ಯಾವಾಗ ಬರ್ತಾಳ ಅಂತ ಕೇಳ್ರಿ."

ಗಣಿತ ಪಾಸಾಯಿತು. ಅಂಕಪಟ್ಟಿ ತರಲು, ಪರೀಕ್ಷೆಗೆ ಅರ್ಜಿ ಹಾಕಿದ್ದ ಹೈಸ್ಕೂಲಿಗೆ ಮೂವರೂ ಹೋದೆವು. ಗುಮಾಸ್ತರು ಅದನ್ನು ನೇರ ನನ್ನ ಕೈಗೆ ಚಾಚಿದರು. "ನಂದಲ್ರಿ, ನಂದು ಡಿಗ್ರಿ ಆಗೇತಿ" ಎಂದೆ. ಹೇಳುವ ಅವಕಾಶ ಬಿಡುವವಳೇ ನಾನು! ಆತ್ಯಾ ಮುಂದೆ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಪೂರ್ತಿ ಹೆಸರು ಬರೆದು ಸಹಿ ಮಾಡಿ, ಎರಡೂ ಕೈಯಲ್ಲಿ ತೆಗೆದುಕೊಂಡಳು. ಓದಲಿಲ್ಲ. ಅಪ್ಪನ ಕೈಗೆ ಕೊಟ್ಟಳು.

ಅಪ್ಪ ಅದನ್ನು ಬೆಳಕಿನ ಕಡೆ ತಿರುಗಿಸಿ ಹಿಡಿದ. "ಇದರಾಗ ಆಕಿ ಹೆಸರ ಎಲ್ಲೈತಿ?" ಎಂದು ನನ್ನನ್ನು ಕೇಳಿದ. ತೋರಿಸಿದೆ. ಆ ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದ. ಆತ್ಯಾ ಬಾಗಿಲ ಕಡೆ ಹೊರಟಿದ್ದಳು; ಅಂದಿನ ಬೀಡಿ ಇನ್ನೂ ಕಟ್ಟುವುದಿತ್ತು. ಅಪ್ಪ ಅವಳ ಕೈ ಹಿಡಿದು ನಿಲ್ಲಿಸಿದ.

"ಎಲ್ಲಿ ಹೊಂಟಿ ಅಕ್ಕಾ? ಬಂದದ್ದ ಬಂದೀವಿ, ಕಾಲೇಜಿಗೆ ಹೆಸರ ಹಚ್ಚೂದು ಹೆಂಗ ಅಂತ ಕೇಳ್ಕೊಂಡ ಹೋಗೂಣು. ಮನಿ ಕಡೆ ನಾ ನೋಡ್ಕೋತೀನಿ."