ಯಾವ ಕುಲಕರ್ಣಿಯವರ್ರಿ?

ಹಿಂದಿನಿಂದ ಯಾರಾದರೂ "ಕುಲಕರ್ಣಿಯವರ!" ಎಂದು ಕೂಗಿದರೆ ನಮ್ಮ ಅಪ್ಪ ತಿರುಗುತ್ತಿರಲಿಲ್ಲ. ಕೊಡೆಯನ್ನು ಬಗಲಿಗೇರಿಸಿ, "ಬ್ಯಾರೆ ಯಾರನ್ನೋ ಕರೀಲಿಕ್ಕತ್ತಾರ" ಎಂದು ಮುಂದೆ ನಡೆಯುತ್ತಿದ್ದರು. ಅವರ ತಪ್ಪಲ್ಲ. ಧಾರವಾಡದ ಮಾಳಮಡ್ಡಿಯ ನಮ್ಮ ಓಣಿಯಲ್ಲಿ ವಕೀಲರು ಕುಲಕರ್ಣಿ, ಡಾಕ್ಟರು ಕುಲಕರ್ಣಿ, ಕಾರಕೂನರಾದ ಅಪ್ಪ ಕುಲಕರ್ಣಿ; ಬಾವಿ ಕೂಡ ಕುಲಕರ್ಣಿ ಬಾವಿ. ಸಂಬಂಧ ಯಾರಿಗೂ ಇಲ್ಲ, ಫಜೀತಿ ಮಾತ್ರ ಎಲ್ಲರಿಗೂ.

ಆ ವರ್ಷ ನಾನು ಇಂಗ್ಲಿಷ್ ಸಾಲಿ ಮುಗಿಸಿದ್ದೆ. ಹೆಣ್ಣುಮಕ್ಕಳ ಸಾಲಿಯೊಂದರಲ್ಲಿ ಕಲಿಸುವ 'ಬಾಯಾರು' ಆಗಲು ಕರೆದಿದ್ದರು. ನಾಲ್ಕು ಮಂದಿಯೆದುರು ಬಾಯಿ ಬಿಡದ ನಾನು ಅಪ್ಪನೆದುರು ನಿಂತು, "ನಾ ಹೋಗಾಕಿನ" ಎಂದೆ.

"ಗದಗಿನ ವರ ನೋಡಿ ಹೋಗಲಿ. ಅವರು ಒಲ್ಲೆ ಅಂದ್ರ ನಿನ್ನ ಹಾದಿ ನಿಂದು," ಎಂದರು ಅಪ್ಪ.

೧. ಮೆಂತ್ಯೆ

ಕಾಯಿಪಲ್ಲೆಯವಳ ಬುಟ್ಟಿಯ ಮೆಂತ್ಯೆಯನ್ನು ಆಕಳೊಂದು ತಿಂದಿತು. "ಯಾರ ಆಕಳ?" "ಕುಲಕರ್ಣಿಯವರದು." ಸೆರಗು ಬಿಗಿದು ವಕೀಲರ ಮನೆಗೆ ನುಗ್ಗಿದಳು. ಆದರೆ ನಮ್ಮ ಓಣಿಯಲ್ಲಿ ಬಾಗಿಲಿಗೆ ಬಂದವರಿಗೆ ಮೊದಲು ಬೆಲ್ಲ-ನೀರು. ಯಾಕೆ ಬಂದಿರೆಂದು ಕೇಳುವುದು ಆಮೇಲೆ. ಅಲ್ಲಿ ಕುಡಿದಳು, "ನಮ್ಮದಲ್ಲ" ಎಂದರು. ಡಾಕ್ಟರ ಮನೆಯಲ್ಲೂ ಕುಡಿದಳು. ನಮ್ಮ ಮನೆಗೆ ಬರುವಷ್ಟರಲ್ಲಿ ಸಿಟ್ಟು ಇಳಿದು ಹೊಟ್ಟೆ ಉಬ್ಬಿತ್ತು.

ನಾನು ತಂಬಿಗೆ ತಂದದ್ದೇ ತಡ, "ಬ್ಯಾಡವ್ವಾ! ಮೆಂತ್ಯೆ ಹೋದ್ರ ಹೋಗವಲ್ದ್ಯಾಕ!" ಎಂದು ಓಡಿದಳು.

ಆಕಳು ನಮ್ಮದೇ.

೨. ಹೊಟ್ಟೆನೋವು

ಗಬ್ಬೂರಿನ ಗೌಡರೊಬ್ಬರು ಡಾಕ್ಟರ ಮನೆಯೆಂದು ವಕೀಲರ ಮನೆ ಹೊಕ್ಕರು. ಬೆಲ್ಲ-ನೀರು ಆಯಿತು.

"ಎಷ್ಟ ದಿನದ್ದು?" ಎಂದರು ವಕೀಲರು.

"ನಮ್ಮಪ್ಪಗೂ ಇದ ಇತ್ರಿ."

"ಪಿತ್ರಾರ್ಜಿತ ಅನ್ರಿ! ಹಂಗಾರ ಬಿಡಬಾರದು. ಮುಂಬಯಿ ತನಕಾ ಒಯ್ಯೋಣು." ಹೈಕೋರ್ಟು ಆಗ ಮುಂಬಯಿಯಲ್ಲಿತ್ತು.

ಗೌಡರು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡರು: "ಅಷ್ಟ ದೂರ ಯಾಕ್ರೀ ಸಾಹೇಬ್ರ, ಇಲ್ಲೇ ಕೊಯ್ದ ಬಿಡ್ರಿ!"

೩. ವರ

ಗದಗಿನವರು ಬರುವ ದಿನ ನಾನು ಜರಿ ಸೀರೆಯುಟ್ಟು, ಹಲ್ಲು ಕಚ್ಚಿ ಕುಳಿತಿದ್ದೆ. ಟಾಂಗಾದ ಕುಲುಕಾಟಕ್ಕೆ ವರ ಸುಣ್ಣದಂತೆ ಬಿಳಚಿಕೊಂಡಿದ್ದನಂತೆ. ಆ ಮುಖ ನೋಡಿದ ಟಾಂಗಾದವ ಯಾವ ಕುಲಕರ್ಣಿಯೆಂದು ಕೇಳಲೇ ಇಲ್ಲ; ನೆಟ್ಟಗೆ ಡಾಕ್ಟರ ಬಾಗಿಲಲ್ಲಿ ಇಳಿಸಿದ.

ಬೆಲ್ಲ-ನೀರು ಬಂತು. ಡಾಕ್ಟರೂ ಬಂದರು.

"ನಾಲಿಗಿ ತೋರಸು."

ವರ ತೋರಿಸಿದ.

"ಅಂಗಿ ಬಿಚ್ಚು."

ಬಿಚ್ಚಿದ. ವರನ ಅಪ್ಪ ಹೆಂಡತಿಯ ಕಿವಿಯಲ್ಲಿ, "ಧಾರವಾಡದ ಮಂದಿ ಭಾಳ ಶಾಣ್ಯಾ. ತಪಾಸ ಮಾಡೇ ಅಳಿಯನ್ನ ತೊಗೋತಾರ!" ಎಂದರು.

ಡಾಕ್ಟರು ಕುಡಿಸಿದ ಔಡಲೆಣ್ಣೆ ವರನ ಹೊಟ್ಟೆಗಿಳಿದ ಮೇಲೆ ಅವನ ಅಪ್ಪ ಕೇಳಿದರು: "ಇನ್ನ ಹುಡಿಗೀನ ಕರಸ್ರಿ."

"ಯಾಕ, ಆಕಿಗೂ ಅಜೀರ್ಣೇನು?" ಎಂದರು ಡಾಕ್ಟರು.

ನಮ್ಮ ಮನೆ ಮುಟ್ಟುವಷ್ಟರಲ್ಲಿ ಎಣ್ಣೆ ಕೆಲಸ ಶುರು ಮಾಡಿತ್ತು. ವರ ನನ್ನ ಮುಖ ನೋಡದೆ ಹಿತ್ತಲಿಗೆ ಓಡಿದ. ಗಾಡಿಯ ಹೊತ್ತಾಗುವ ತನಕ ಹೊರಗೆ ಬರಲಿಲ್ಲ. "ಈ ಓಣಿ ಸಂಬಂಧನ ಒಲ್ಲೆ!" ಎಂದು ಅವನ ಅಪ್ಪ ಗುಡುಗಿ ಹೋದರು.

ಸೋಮವಾರ ಅಪ್ಪನ ಕೊಡೆ ತೆಗೆದುಕೊಂಡು ಸಾಲಿಗೆ ಹೊರಟೆ. ಓಣಿಯ ಅರ್ಧಕ್ಕೆ ಬಂದಿದ್ದೆ, ಅಪ್ಪ ಕಟ್ಟೆಯ ಮೇಲಿಂದ ಕೂಗಿದರು:

"ಕುಲಕರ್ಣಿ ಬಾಯಾರ! ಹುಬ್ಬಳ್ಳಿಯವರೊಬ್ಬರು ನೋಡಾಕ ಬರ್ತಾರಂತ. ಇದೊಂದ ಸಲ ಕೂಡ್ರಿ!"

ಕೊಡೆಯನ್ನು ಬಗಲಿಗೇರಿಸಿದೆ. ಓಣಿ ತುಂಬ ಕುಲಕರ್ಣಿಗಳು. ಬೇರೆ ಯಾರನ್ನೋ ಕರೆಯುತ್ತಿರಬೇಕು.