ಅಂದಾನಪ್ಪನ ಮಣ್ಣಿನ ಪರೀಕ್ಷೆ

ಸಾವಿರದ ಒಂಬೈನೂರ ಅರವತ್ತಮೂರರಲ್ಲಿ ಸಿರ್ಸಿಯ ಮಣ್ಣು-ಕೀಟ ವಿಚಾರಣಾ ಕಚೇರಿಯೊಳಗೆ ಡಿಡಿಟಿ ಪುಡಿ ಹಾಕಿಸಿಕೊಳ್ಳದೆ ಯಾವ ವಸ್ತುವೂ ಬರಕೂಡದು ಎಂಬ ನಿಯಮವಿತ್ತು. ಕಟ್ಟಡಕ್ಕೆ ಗೆದ್ದಲು ಹತ್ತಿತ್ತು. ಹಾಗಾಗಿ ಅರ್ಜಿ ಬಂದರೂ ಪುಡಿ, ಸಾಹೇಬರ ಕೊಡೆ ಬಂದರೂ ಪುಡಿ.

ಈ ಕಚೇರಿಗೆ ಬನವಾಸಿ ಕಡೆಯ ಅಂದಾನಪ್ಪ ಅರ್ಜಿಯ ಜೊತೆ ಒಂದು ಸೇರು ಮಣ್ಣು ಕಟ್ಟಿಕೊಂಡು ಬಂದ. ಅವನ ಜೇನು ಅಂಥಿಂಥ ಜೇನಲ್ಲ. ಬೆಳಿಗ್ಗೆ ಯಲ್ಲಾಪುರದ ಕಾಡುಹೂವಿಗೆ ಹೋಗಿ ಮಧ್ಯಾಹ್ನದೊಳಗೆ ತಿರುಗಿ ಬರುತ್ತಿತ್ತು. ಸುಳ್ಳೆನ್ನುವವರು ಆ ಹೂವನ್ನೇ ಕೇಳಬಹುದು. ಆದರೆ ಗದ್ದೆಗೆ ಸರಕಾರದ ಪುಡಿ ಬಿದ್ದ ವರ್ಷ ಹನ್ನೆರಡು ಪೆಟ್ಟಿಗೆಯಲ್ಲಿ ಹನ್ನೊಂದು ಖಾಲಿಯಾದವು. ಬರುವ ತಿಂಗಳು ಮತ್ತೆ ಪುಡಿ ಹಾಕುವವರಿದ್ದರು. ಮಣ್ಣಿನಲ್ಲಿ ವಿಷ ಉಳಿದಿದೆಯೆಂದು ಕಚೇರಿ ಬರೆದುಕೊಟ್ಟರೆ ಮಾತ್ರ ಕೊನೆಯ ಪೆಟ್ಟಿಗೆ ಉಳಿಯುತ್ತಿತ್ತು.

ಬಾಗಿಲಲ್ಲಿ ಕೆರಿಯ ಎಂಬ ಸಿಪಾಯಿ ಗಂಟು ಬಿಚ್ಚಿಸಿ, ಮಣ್ಣಿದ್ದಷ್ಟೇ ಪುಡಿ ಬೆರೆಸಿ ಒಳಗೆ ಬಿಟ್ಟ.

ಎಂಟು ದಿನಕ್ಕೆ ಫಲಿತಾಂಶ ಬಂತು.

"ಅರ್ಧ ಮಣ್ಣು, ಅರ್ಧ ಡಿಡಿಟಿ," ಎಂದರು ಸಾಹೇಬರು. "ಕೋಲಸಿರ್ಸಿಯದ್ದೂ ಹಾಗೇ, ಉಮ್ಮಚಗಿಯದ್ದೂ ಹಾಗೇ. ಇದು ಈ ಸೀಮೆಯ ಮಣ್ಣಿನ ಹುಟ್ಟುಗುಣ."

"ಹುಟ್ಟುಗುಣ ಅಲ್ರೀ ಸಾಹೇಬ್ರ! ನಿಮ್ಮ ಕೆರಿಯಾನ ಹಾಕ್ಯಾನ!"

"ಅದು ನಿಯಮದ ಪುಡಿ. ಲೆಕ್ಕಕ್ಕಿಲ್ಲ. ಜೇನಿಗೆ ತೊಂದರೆಯಿದ್ದರೆ ಜೇನನ್ನೇ ಹಾಜರುಪಡಿಸಿ."

ಅಂದಾನಪ್ಪ ಪೆಟ್ಟಿಗೆಗೆ ಕಂಬಳಿ ಹೊದಿಸಿ ಹೊರಟಾಗ ಹೆಂಡತಿ ಪಾರ್ವತವ್ವ ಹೇಳಿದಳು: "ಅದನ್ನ ಕಳಕೊಂಡು ಬಂದ್ರ ಜಗಲಿ ಮ್ಯಾಲೇ ಮಲಗ್ರಿ."

ಕಚೇರಿಯ ಬಾಗಿಲಲ್ಲಿ ಕೆರಿಯ ಪುಡಿಯ ಡಬ್ಬಿ ಎತ್ತಿದ. ಜೇನಿಗೆ ಸರಕಾರಿ ಡಬ್ಬಿಯ ಗುರುತಿತ್ತು. ಇಡೀ ಹಿಂಡು ಎದ್ದು, ಸಾಹೇಬರ ಪೇಟದ ಮೇಲೆ ಮೂರು ಸುತ್ತು ಹಾಕಿ, ಬಾಕಿ ಅರ್ಜಿಗಳ ಕಪಾಟಿನ ಸಂದಿಯಲ್ಲಿ ಹೊಕ್ಕಿತು. ಅಲ್ಲಿನ ಅರ್ಜಿಗಳು ಪುಡಿಯ ನಿಯಮಕ್ಕಿಂತ ಹಳೆಯವು. ಗೆದ್ದಲು ತಿಂದು ಟೊಳ್ಳಾಗಿದ್ದವು. ಹದಿನೈದು ದಿನದಲ್ಲಿ ಕಪಾಟಿನಿಂದ ಜೇನುತುಪ್ಪ ಸೋರಿತು. ಸಾಹೇಬರು ನೆಕ್ಕಿ ನೋಡಿ ಪ್ರಕಟಣೆ ಹೊರಡಿಸಿದರು:

"ಜೇನು ಬದುಕಲು ಯೋಗ್ಯವಾದ ಏಕಮಾತ್ರ ಸ್ಥಳ ಬಾಕಿ ಅರ್ಜಿಗಳ ಕಪಾಟು ಎಂದು ಸಂಶೋಧನೆಯಿಂದ ಸಿದ್ಧಪಟ್ಟಿದೆ. ಸದರಿ ಕಪಾಟನ್ನು ಯಾರೂ ತೆರೆಯತಕ್ಕದ್ದಲ್ಲ."

ಅಂದಾನಪ್ಪನ ಅರ್ಜಿಯನ್ನೂ ಪುಡಿ ಕೊಡವಿ ಅದೇ ಸಂದಿಯಲ್ಲಿ ತೂರಿಸಿದರು. ಗದ್ದೆಗೆ ಪುಡಿ ಬಿತ್ತು.

"ಜೇನು ಎಲ್ಲಿ?" ಎಂದು ಜಗಲಿಯ ಮೇಲಿದ್ದ ಗಂಡನನ್ನು ಮತ್ತೆ ಕೇಳಿದಳು ಪಾರ್ವತವ್ವ.

"ಸರಕಾರಿ ನೌಕರಿಗೆ ಸೇರ್ಯಾವ."

"ಪಿಂಚಣಿ ಅದ ಏನ್ರಿ?"

ಸುದ್ದಿ ಹಬ್ಬಿ, ಸಿದ್ದಾಪುರದವರೂ ಯಲ್ಲಾಪುರದವರೂ ಪೆಟ್ಟಿಗೆ ಹೊತ್ತು ಸಾಲುಗಟ್ಟಿದರು. ಕಪಾಟಿನಲ್ಲಿ ಒಂದು ತಕರಾರು ಅರ್ಜಿಗೆ ಒಂದು ಹಿಂಡಿನ ಜಾಗ ಎಂದು ನಿಯಮವಾಯಿತು. ತಕರಾರಿಲ್ಲದವರು ಅಣ್ಣತಮ್ಮಂದಿರ ಮೇಲೆ ಹುಟ್ಟಿಸಿಕೊಂಡು ಬಂದರು.

ಎರಡು ವರ್ಷಕ್ಕೆ ಹೊಸ ಸಾಹೇಬರು ಬಂದರು. ಎಳೆ ವಯಸ್ಸು. ಎಲ್ಲ ಬಾಕಿಯನ್ನೂ ಈ ವಾರವೇ ತೀರಿಸುತ್ತೇನೆಂದು ಕಪಾಟಿಗೆ ಕೈ ಹಾಕಿದರು. ಅಂದಾನಪ್ಪ ಓಡಿಬಂದು ಅಡ್ಡ ಬಿದ್ದ.

"ಕೈ ಮುಗೀತೀನ್ರೀ ಸಾಹೇಬ್ರ, ನನಗ ನ್ಯಾಯ ಮಾತ್ರ ಕೊಡಬ್ಯಾಡ್ರಿ! ಜೇನು ಎದ್ದು ಹೋಗ್ತಾವ!"

ಹಿಂದೆ ನಿಂತಿದ್ದ ನಲವತ್ತು ರೈತರೂ ಹಾಗೆಯೇ ಬೇಡಿಕೊಂಡರು. ಸಾಹೇಬರು ಕೋರಿಕೆಯನ್ನು ನಿಂತಲ್ಲೇ ಮಂಜೂರು ಮಾಡಿದರು. ಆ ಕಚೇರಿಯಲ್ಲಿ ಕೊಟ್ಟ ದಿನವೇ ಇತ್ಯರ್ಥವಾದ ಅರ್ಜಿ ಅದೊಂದೇ.