ಕೊಟ್ಟ ಕಾಲಾಳು, ಬಂದ ಮಾವ

ಹೆದರಿ ಹೆದರಿ ಆಡಿದ್ದು ಸಾಕು, ಇನ್ನೇನಿದ್ದರೂ ದಾಳಿಯೇ! ತೊಂಬತ್ತೇಳರ ಒಂದು ಭಾನುವಾರ ಚಳ್ಳಕೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ನಾನು, ಎಣ್ಣೆಮಿಲ್ಲಿನ ಗುಮಾಸ್ತ ಮಾರುತೇಶ, ಹೀಗೆ ಘೋಷಿಸಿದೆ. ಚದುರಂಗದಲ್ಲಿ ನನ್ನನ್ನು ಸದಾ ಸೋಲಿಸುತ್ತಿದ್ದ ಮೆಕ್ಯಾನಿಕ್ ಇಫ್ತಿಕಾರ್ ಹಿಂದಿನ ದಿನ ಟೀ ಅಂಗಡಿಯಲ್ಲಿ ಎಲ್ಲರೆದುರು, "ನಿಮ್ದು ಆಟ ಹಳೇ ಮೊಪೆಡ್ ಇದ್ದಂಗೆ ಸಾರ್, ತಳ್ಳಿದ್ರೂ ಹೋಗಲ್ಲ" ಎಂದು ನಕ್ಕಿದ್ದ.

ಅದಕ್ಕೆ ಮದ್ದು ಲೈಬ್ರರಿಯ ಪುಸ್ತಕದಲ್ಲಿ ಸಿಕ್ಕಿತು. ಕಿಂಗ್ಸ್ ಗ್ಯಾಂಬಿಟ್! ಎರಡನೇ ನಡೆಯಲ್ಲೇ ರಾಜನ ಪಕ್ಕದ ಒಂಟೆಯ ಮುಂದಿನ ಕಾಲಾಳನ್ನು ಎದುರಾಳಿಯ ಬಾಯಿಗೆ ಕೊಡಬೇಕು. ಅವನು ತಿಂದು ತೇಗುವಷ್ಟರಲ್ಲಿ ಹಲಗೆಯ ನಡುಭಾಗ ನಮ್ಮದು, ಆನೆಗೆ ದಾರಿ ಬಯಲು, ಒಂಟೆಯ ಕಣ್ಣು ಶತ್ರುವಿನ ರಾಜನ ಮೇಲೆ!

ಅಭ್ಯಾಸಕ್ಕೆ ಸಿಕ್ಕವಳು ಹೆಂಡತಿ ಆಶಾ. ಕಾಯಿಗಳ ನಡೆ ಕಲಿಸಿ, ಕಾಲಾಳನ್ನು ಮುಂದಿಟ್ಟೆ.

"ತಿನ್ನು."

"ಬ್ಯಾಡ."

"ಬಿಟ್ಟಿ ಕಣೇ, ತಿನ್ನು!"

"ನೀವು ಬಿಟ್ಟಿ ಕೊಡ್ತೀರ ಅಂದ್ರೆ ಅದ್ರಾಗೆ ಏನೋ ಐತೆ. ತಿನ್ನಲ್ಲ."

ಅವಳು ತಿನ್ನದಿದ್ದರೆ ನನ್ನ ಯುದ್ಧ ಶುರುವಾಗುವುದೇ ಇಲ್ಲ! ದನಿ ಏರಿತು.

"ತಿಂತೀಯೋ ಇಲ್ವೋ?"

"ಸತ್ರೂ ತಿನ್ನಲ್ಲ!"

ಪಕ್ಕದ ಮನೆಯ ಹುಚ್ಚಕ್ಕನ ಕಿವಿಗೆ ಬಿದ್ದದ್ದು ಇಷ್ಟೇ. ಗಂಡ ಏನನ್ನೋ ಬಲವಂತವಾಗಿ ತಿನ್ನಿಸುತ್ತಿದ್ದಾನೆ! ಆಕೆ ಬಸ್ ನಿಲ್ದಾಣಕ್ಕೇ ಓಡಿದರು. ಡ್ರೈವರನ ಮೂಲಕ ಸುದ್ದಿ ದೇವಸಮುದ್ರದಲ್ಲಿದ್ದ ಆಶಾಳ ಅಪ್ಪನಿಗೆ ಮುಟ್ಟಿತು. ಮುಟ್ಟುವಷ್ಟರಲ್ಲಿ ಅದಕ್ಕೆ ವಿಷವೂ ಬೆರೆತಿತ್ತು.

ಮರುದಿನ ಮೊದಲ ಬಸ್ಸಿಗೇ ಮಾವ ಜಂಬುಲಿಂಗಪ್ಪ ಹಾಜರ್! ಕೈಯಲ್ಲಿ ದೊಣ್ಣೆ.

"ನನ್ ಮಗಳಿಗೆ ತಿನ್ಸಾಕೆ ಹೋಗಿದ್ದು ಎಲ್ಲೈತೆ? ತೋರ್ಸು!"

ಆಶಾ ನಗು ತಡೆಯಲಾರದೆ ಕಾಲಾಳನ್ನು ಅವರ ಅಂಗೈ ಮೇಲಿಟ್ಟಳು. ಮಾವ ತಿರುಗಿಸಿ ನೋಡಿದರು. ಮೂಸಿಯೂ ನೋಡಿದರು.

ತಪ್ಪಾಯಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನೇಕೆ ಅನ್ನಲಿ? "ಕೂತ್ಕೊಳ್ರಿ ಮಾವ, ನೀವೇ ಆಡಿ ನೋಡ್ರಿ!" ಎಂದೆ. ಅವರಿಗೂ ಒಂದು ಕಾಲದಲ್ಲಿ ಚದುರಂಗದ ಹುಚ್ಚಿತ್ತಂತೆ, ಕೂತರು. ಕಾಲಾಳು ಕೊಟ್ಟೆ. ಗಬಕ್ಕನೆ ತಿಂದರು! ಜನ್ಮ ಸಾರ್ಥಕ! ಅವರು ತಿಂದದ್ದನ್ನು ಉಳಿಸಿಕೊಳ್ಳಲು ಹೆಣಗುತ್ತಿದ್ದಾಗ ನನ್ನ ಕುದುರೆ ಹೊರಟಿತು, ಒಂಟೆ ಗುರಿಯಿಟ್ಟಿತು, ಬಯಲಾದ ದಾರಿಯಲ್ಲಿ ಆನೆ ನುಗ್ಗಿತು. ಅಡುಗೆಮನೆ ಬಾಗಿಲಲ್ಲಿ ಆಶಾ ಕೆಮ್ಮಿದಳು, ಕಣ್ಣು ಬಿಟ್ಟಳು, "ರೀ, ನಮ್ಮಪ್ಪ ಕಣ್ರೀ" ಎಂದು ಪಿಸುಗುಟ್ಟಿದಳು. ಗ್ಯಾಂಬಿಟ್ ಕಲಿತವನಿಗೆ ಮಾವನೇನು, ಮಹಾರಾಜನೇನು!

"ಚೆಕ್‌ಮೇಟ್!"

ಇಣುಕುತ್ತಿದ್ದ ಹುಚ್ಚಕ್ಕ, "ಅಳಿಯ ಮಾವನ್ನ ಸೋಲಿಸ್ದ!" ಎಂದು ಬೀದಿಗೆಲ್ಲ ಸಾರಿದರು.

ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಿದ್ದ ಮಾವ ನಿಧಾನವಾಗಿ ಪೇಟ ಬಿಚ್ಚಿದರು.

"ಆಶಾ, ಹಾಸಿಗೆ ಹಾಕವ್ವ. ಗೆಲ್ಲೋವರ್ಗೂ ನಾನು ಊರಿಗೆ ಹೋಗಲ್ಲ."

ಅಂದಿನಿಂದ ನನ್ನ ಮಂಚ ಅವರದಾಯಿತು, ನನಗೆ ಚಾಪೆ. ವಾರ ಕಳೆಯುವಷ್ಟರಲ್ಲಿ ನನ್ನ ಪೌರುಷವೆಲ್ಲ ಇಳಿದು, ಬೇಕೆಂದೇ ಮಂತ್ರಿಯನ್ನು ಕಳೆದುಕೊಂಡು ಸೋತೆ. ಮಾವ ಹಲಗೆಯನ್ನು ದಿಟ್ಟಿಸಿದರು, ನನ್ನನ್ನೂ ದಿಟ್ಟಿಸಿದರು.

"ಅಳಿಯಂದ್ರೇ, ಬೇಕಂತ ಸೋತ್ರೆ ನಂಗೆ ಗೊತ್ತಾಗಲ್ವಾ? ಇದು ಲೆಕ್ಕಕ್ಕಿಲ್ಲ. ನಿಮ್ಮತ್ತೇಗೂ ಬರಾಕೆ ಹೇಳೀನಿ. ನಿಧಾನಕ್ಕೆ ಆಡಾನ."